ದೃಢೀಕರಣ ಪರೀಕ್ಷೆಯ ಹಿಂದಿನ ಕಥೆ

ಪ್ರಯೋಗ, ವೀಕ್ಷಣೆ, ತೀರ್ಮಾನ. ರಸಾಯನಶಾಸ್ತ್ರದ ಪ್ರಾಯೋಗಿಕ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತಿದ್ದ ಈ ಮೂರು ಕಲಮುಗಳು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪ್ರೌಢಶಾಲೆಯಲ್ಲಿ ಲಿಟ್ಮಸ್ ಕಾಗದ, ಸುಣ್ಣದ ತಿಳಿನೀರು, ಉರಿಯುವ ಕಡ್ಡಿ ಇಷ್ಟರಲ್ಲೇ ನಮ್ಮ ಕೆಲಸ ಮುಗಿಯುತ್ತಿತ್ತು. ಮುಂದೆ ಪಿಯುಸಿಗೆ ಹೋದವರು ಲವಣ ವಿಶ್ಲೇಷಣೆಯ ಕೊನೆಯಲ್ಲಿ ‘ದೃಢೀಕರಣ ಪರೀಕ್ಷೆ’ ಎಂಬುದನ್ನೂ ಮಾಡಿರುತ್ತಾರೆ. ‘ಬಣ್ಣ ಕಂಡಾಯಿತಲ್ಲ ಸಾರ್, ಮತ್ತೆ ದೃಢೀಕರಣ ಏಕೆ?’ ಎಂದು ಕೇಳಿದವರು ಹಲವರು. ತರಗತಿಯ ನಲವತ್ತೈದು ನಿಮಿಷಗಳಲ್ಲಿ ಹೇಳಲಾಗದ ಅದರ ಉತ್ತರ ಇತಿಹಾಸದಲ್ಲಿದೆ.

ವಸ್ತುವನ್ನು ಬಣ್ಣದಿಂದ ಗುರುತಿಸುವ ವಿದ್ಯೆ ಬಹಳ ಹಳೆಯದು. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವ ನಮ್ಮ ಮನೆಯ ಹೆಂಗಸರು ಸೂಚಕದ ಹೆಸರು ಕೇಳದೆಯೇ ಅದನ್ನು ಬಳಸಿದವರು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ಪರೀಕ್ಷೆಯನ್ನು ದಾಖಲಿಸಿದ್ದಾನೆ. ತಾಮ್ರದ ಕಿಲುಬಿನಿಂದ ಮಾಡಿದ ಬೆಲೆಬಾಳುವ ಹಸಿರು ಬಣ್ಣಕ್ಕೆ ವ್ಯಾಪಾರಿಗಳು ಅಗ್ಗದ ಅನ್ನಭೇದಿಯನ್ನು ಬೆರೆಸುತ್ತಿದ್ದರು. ಮಾಚಿಕಾಯಿಯ ಕಷಾಯದಲ್ಲಿ ನೆನೆಸಿದ ಪಪೈರಸ್ ಹಾಳೆಗೆ ಆ ಬಣ್ಣವನ್ನು ಸವರಿದರೆ, ಕಲಬೆರಕೆಯಾಗಿದ್ದಲ್ಲಿ ಹಾಳೆ ಕಪ್ಪಾಗುತ್ತಿತ್ತು. ಕಬ್ಬಿಣದ ಅಯಾನನ್ನು ಗುರುತಿಸಿದ ಮೊದಲ ಪರೀಕ್ಷಾ ಕಾಗದ ಇದೆನ್ನಬಹುದು.

1664ರಲ್ಲಿ ರಾಬರ್ಟ್ ಬಾಯ್ಲ್ ಬಣ್ಣಗಳನ್ನು ಕುರಿತ ತನ್ನ ಗ್ರಂಥದಲ್ಲಿ, ವಯೊಲೆಟ್ ಹೂವಿನ ಪಾನಕ ಆಮ್ಲದಲ್ಲಿ ಕೆಂಪಾಗಿಯೂ ಪ್ರತ್ಯಾಮ್ಲದಲ್ಲಿ ಹಸಿರಾಗಿಯೂ ತಿರುಗುವುದನ್ನು ವಿವರಿಸಿದ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ನಮ್ಮ ಉಸಿರಿನಲ್ಲಿಯೂ ಸುಣ್ಣದಕಲ್ಲಿನಲ್ಲಿಯೂ ಇರುವ ಅನಿಲವೊಂದು ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುವುದನ್ನು ತೋರಿಸಿಕೊಟ್ಟ. ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು ಇದನ್ನೇ. ಅದೇ ದಶಕದಲ್ಲಿ ಜರ್ಮನಿಯ ಮಾರ್ಗ್ರಾಫ್, ನೋಟಕ್ಕೆ ಒಂದೇ ಬಗೆಯ ಎರಡು ಪೆಟ್ಲುಪ್ಪುಗಳನ್ನು ಉರಿಯಲ್ಲಿಟ್ಟು, ಸೋಡಿಯಮ್ಮಿನದು ಹಳದಿಯಾಗಿಯೂ ಪೊಟ್ಯಾಸಿಯಮ್ಮಿನದು ನೇರಳೆಯಾಗಿಯೂ ಉರಿಯುವುದನ್ನು ಕಂಡ.

ಇಲ್ಲಿಯವರೆಗೆ ಪರೀಕ್ಷೆ ತಪ್ಪಿದರೆ ಹೋಗುತ್ತಿದ್ದುದು ಹಣ ಅಥವಾ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಣವೇ ಪಣಕ್ಕೆ ಬಂತು.

ಆಗಿನ ಯೂರೋಪಿನಲ್ಲಿ ಬಿಳಿ ಪಾಷಾಣ, ಅಂದರೆ ಆರ್ಸೆನಿಕ್ಕಿನ ಆಕ್ಸೈಡ್, ಇಲಿಗಳನ್ನು ಕೊಲ್ಲಲೆಂದು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿತ್ತು. ಹೆಚ್ಚಿನ ರುಚಿಯಿಲ್ಲ, ವಾಸನೆಯಿಲ್ಲ. ತಿಂದವನ ವಾಂತಿ ಭೇದಿಗಳು ಕಾಲರಾದಂತೆಯೇ ಕಾಣುತ್ತಿದ್ದವು. 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಬಾಡ್ಲ್ ಎಂಬ ತರುಣನು ಕಾಫಿಯಲ್ಲಿ ಪಾಷಾಣ ಬೆರೆಸಿ ತನ್ನ ತಾತನನ್ನು ಕೊಂದನೆಂಬ ಆರೋಪಕ್ಕೆ ಗುರಿಯಾದ. ವುಲಿಚ್‌ನ ಶಸ್ತ್ರಾಗಾರದಲ್ಲಿದ್ದ ರಸಾಯನಜ್ಞ ಜೇಮ್ಸ್ ಮಾರ್ಷ್ ಮಾದರಿಗೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿ, ಆರ್ಸೆನಿಕ್ಕಿನ ಹಳದಿ ಪ್ರಕ್ಷೇಪವನ್ನು ಪಡೆದ. ಆದರೆ ನ್ಯಾಯಾಲಯದಲ್ಲಿ ತೋರಿಸುವ ವೇಳೆಗೆ ಆ ಪ್ರಕ್ಷೇಪ ಕೆಟ್ಟುಹೋಗಿತ್ತು. ಪಂಚರಿಗೆ ನಂಬಿಕೆ ಬರಲಿಲ್ಲ, ಬಾಡ್ಲ್ ಬಿಡುಗಡೆಯಾದ. ಮುಂದೆ ಆತನೇ ಆ ಕೊಲೆಯನ್ನು ಒಪ್ಪಿಕೊಂಡ.

ಪಂಚರ ಕಣ್ಣಿಗೆ ಕಾಣುವಂತಹ, ಉಳಿಯುವಂತಹ ಸಾಕ್ಷ್ಯ ಬೇಕೆಂದು ಹಟ ತೊಟ್ಟ ಮಾರ್ಷ್ 1836ರಲ್ಲಿ ಹೊಸ ವಿಧಾನವನ್ನು ಪ್ರಕಟಿಸಿದ. ಸತುವಿಗೆ ಸಾರರಿಕ್ತ ಗಂಧಕಾಮ್ಲ ಹಾಕಿದರೆ ಜಲಜನಕ ಬರುವುದು ನಿಮಗೆ ಗೊತ್ತು. ಅದಕ್ಕೆ ಸಂಶಯದ ಮಾದರಿಯನ್ನು ಸೇರಿಸಿದಾಗ ಅದರಲ್ಲಿ ಆರ್ಸೆನಿಕ್ ಇದ್ದರೆ ಆರ್ಸೀನ್ ಎಂಬ ಅನಿಲ ಹೊರಡುತ್ತದೆ. ಅದನ್ನು ಉರಿಸಿ, ಜ್ವಾಲೆಗೆ ತಣ್ಣನೆಯ ಪಿಂಗಾಣಿಯ ಚೂರನ್ನು ಹಿಡಿದರೆ ಹೊಳೆಯುವ ಕಪ್ಪು ಕಲೆ, ಕನ್ನಡಿಯಂತೆ, ಮೂಡುತ್ತದೆ.

1840ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಟ್ಯೂಲ್ ಪಟ್ಟಣದ ನ್ಯಾಯಾಲಯದಲ್ಲಿ ಈ ಕನ್ನಡಿಯೇ ಸಾಕ್ಷಿಯಾಯಿತು. ಗಂಡ ಚಾರ್ಲ್ಸ್ ಲಫಾರ್ಜನಿಗೆ ವಿಷವಿಕ್ಕಿದಳೆಂದು ಮಾರೀ ಲಫಾರ್ಜಳ ಮೇಲೆ ಆರೋಪ. ಸ್ಥಳೀಯ ತಜ್ಞರ ವರದಿಗಳು ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಪ್ಯಾರಿಸಿನಿಂದ ಬಂದ ವಿಷವಿಜ್ಞಾನಿ ಒರ್ಫಿಲಾ ಮೃತನ ದೇಹದಲ್ಲಿ ಆರ್ಸೆನಿಕ್ ಇದೆಯೆಂದು ಮಾರ್ಷ್ ಪರೀಕ್ಷೆಯಿಂದ ತೋರಿಸಿದ. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 1852ರಲ್ಲಿ ಕ್ಷಮಾದಾನ ದೊರೆತು ಹೊರಬಂದ ಆಕೆ ಅದೇ ವರ್ಷ ತೀರಿಕೊಂಡಳು. ಆ ತೀರ್ಪು ಸರಿಯೇ ಎಂಬ ಚರ್ಚೆ ಮಾತ್ರ ಆಕೆಯೊಡನೆ ಮುಗಿಯಲಿಲ್ಲ.

ಚರ್ಚೆಗೆ ಕಾರಣಗಳಿದ್ದವು. ಆಂಟಿಮೊನಿ ಇದ್ದರೂ ಇಂತಹುದೇ ಕನ್ನಡಿ ಮೂಡುತ್ತದೆ. ಅದು ಆಗ ಔಷಧಿಗಳಲ್ಲಿ ಬಳಕೆಯಲ್ಲಿದ್ದ ಧಾತು. ಇನ್ನು ಪರೀಕ್ಷೆಗೆ ಬಳಸುವ ಸತುವಿನಲ್ಲೇ ಆರ್ಸೆನಿಕ್ ಬೆರೆತಿದ್ದರೆ ಹೇಗೆ? ಈ ಎರಡು ಪ್ರಶ್ನೆಗಳಿಂದ ಎರಡು ನಿಯಮಗಳು ಹುಟ್ಟಿದವು. ಚಲುವೆ ದ್ರಾವಣವನ್ನು ಹಾಕಿ ನೋಡಬೇಕು. ಆರ್ಸೆನಿಕ್ಕಿನ ಕಲೆ ಕರಗುತ್ತದೆ, ಆಂಟಿಮೊನಿಯ ಕಲೆ ಉಳಿಯುತ್ತದೆ. ಮತ್ತು ಮಾದರಿಯನ್ನು ಹಾಕುವ ಮೊದಲು ಬರಿಯ ಸತು, ಬರಿಯ ಆಮ್ಲಗಳಿಂದಲೇ ಒಮ್ಮೆ ಪರೀಕ್ಷೆ ನಡೆಸಿ ಕಲೆ ಬಾರದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ದೃಢೀಕರಣ ಪರೀಕ್ಷೆಯೆಂದರೆ ಇದೇ. ಒಂದು ಚಿಹ್ನೆಯನ್ನು ಕಂಡೊಡನೆ ತೀರ್ಮಾನದ ಕಲಮಿಗೆ ಹಾರಿದರೆ ನಿರಪರಾಧಿಯೊಬ್ಬರು ಸೆರೆಮನೆಗೆ ಹೋದಾರು.

ಈ ಎಚ್ಚರಿಕೆಯನ್ನು ಒಂದು ಕ್ರಮಕ್ಕೆ ತಂದವನು ಫ್ರೆಸೇನಿಯುಸ್. 1841ರಲ್ಲಿ, 22ರ ಹರೆಯದಲ್ಲಿ, ಈತ ಪ್ರಕಟಿಸಿದ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿ ಹಲವು ಭಾಷೆಗಳಿಗೆ ಅನುವಾದವಾಯಿತು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪ್ರಕ್ಷೇಪವಾಗುವ ಬೆಳ್ಳಿ, ಸೀಸಗಳು ಮೊದಲು. ಆಮ್ಲೀಯ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡಿಗೆ ಸಿಕ್ಕುವ ತಾಮ್ರ, ಆರ್ಸೆನಿಕ್ ಮುಂತಾದವು ಆಮೇಲೆ. ಹೀಗೆ ಜರಡಿ ಹಿಡಿದಂತೆ ಒಂದೊಂದು ಗುಂಪನ್ನೂ ಬೇರ್ಪಡಿಸುವುದು ಅದರ ಮಾರ್ಗ. ಪಿಯುಸಿಯಲ್ಲಿ ನೀವು ಬಾಯಿಪಾಠ ಮಾಡಿದ ಗುಂಪುಗಳು ಆ ಮಾರ್ಗದಿಂದಲೇ ಬಂದವು.

1859–60ರಲ್ಲಿ ಹೈಡೆಲ್ಬರ್ಗಿನ ಬುನ್ಸೆನ್ ಮತ್ತು ಕಿರ್ಖೋಫ್ ಜ್ವಾಲಾ ಪರೀಕ್ಷೆಗೆ ಅಶ್ರಗವನ್ನು ಸೇರಿಸಿದರು. ಕಣ್ಣು ಮೋಸಹೋಗಬಹುದು, ಸೋಡಿಯಮ್ಮಿನ ಹಳದಿಯ ಪ್ರಖರತೆಯಲ್ಲಿ ಪೊಟ್ಯಾಸಿಯಮ್ಮಿನ ನೇರಳೆ ಅಡಗಿಹೋಗುತ್ತದೆ. ಆದರೆ ರೋಹಿತದಲ್ಲಿ ಪ್ರತಿಯೊಂದು ಧಾತುವಿಗೂ ತನ್ನದೇ ಗೆರೆಗಳಿರುತ್ತವೆ, ಹೆಬ್ಬೆರಳಿನ ಗುರುತಿನಂತೆ. ಈ ವಿಧಾನದಿಂದ ಅವರು 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಕಂಡುಹಿಡಿದರು.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಿಂದ ನೋಡಿದರೆ, ಖಗೋಳಜ್ಞ ಸರ್ ಜಾನ್ ಹರ್ಷೆಲರ ಮಗ ಲೆಫ್ಟಿನೆಂಟ್ ಹರ್ಷೆಲ್ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ನೋಡಿದ. ಮೋಡಗಳ ನಡುವಿನ ಬಿಡುವಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಆತನಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಮ್ಮಿನ ಗೆರೆಯೆಂದೇ ತೋರಿತು. ನಿಖರವಾಗಿ ಅಳೆದು ನೋಡಿದಾಗ ಅದು ಸೋಡಿಯಮ್ಮಿನ ಸ್ಥಾನದಲ್ಲಿರಲಿಲ್ಲ, ಕೊಂಚ ಪಕ್ಕದಲ್ಲಿತ್ತು. ಅದು ಹೀಲಿಯಮ್! 1895ರಲ್ಲಿ ರ‍್ಯಾಮ್ಸೆ ಯುರೇನಿಯಂ ಖನಿಜವೊಂದರಿಂದ ಅದೇ ಅನಿಲವನ್ನು ಪಡೆದು ದೃಢಪಡಿಸಲು 27 ವರ್ಷಗಳು ಬೇಕಾದವು.

ಇಂದು ದೊಡ್ಡ ಪ್ರಯೋಗಾಲಯಗಳಲ್ಲಿ ಈ ಕೆಲಸಗಳನ್ನು ಯಂತ್ರಗಳು ಮಾಡುತ್ತವೆ. ಆದರೂ ಮಾರ್ಷನ ವಿದ್ಯೆ ಸತ್ತಿಲ್ಲ. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಾಗ ಹಳ್ಳಿಗಳಲ್ಲಿ ಬಳಸಿದ ಪರೀಕ್ಷಾ ಪೆಟ್ಟಿಗೆಯಲ್ಲಿ ಅದೇ ಆರ್ಸೀನ್ ಅನಿಲ ಹೊರಟು, ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದವನ್ನು ಹಳದಿ-ಕಂದಾಗಿಸುತ್ತದೆ. ಬಾಂಗ್ಲಾದೇಶದಲ್ಲಿ ಅದರ ಆಧಾರದ ಮೇಲೆ ವಿಷದ ಕೊಳವೆಬಾವಿಗೆ ಕೆಂಪು, ಕುಡಿಯಬಹುದಾದುದಕ್ಕೆ ಹಸಿರು ಬಣ್ಣ ಬಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕೆಂಪೋ ಹಸಿರೋ ಎಂಬ ತೀರ್ಮಾನದ ಮೇಲೆ ಒಂದು ಕೇರಿಯ ಮಕ್ಕಳ ಆರೋಗ್ಯ ನಿಂತಿರುತ್ತದೆ.

ಆದ್ದರಿಂದ, ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಪ್ರಾಯೋಗಿಕ ಪುಸ್ತಕವನ್ನು ಪಕ್ಕದವರದನ್ನು ನೋಡಿ ತುಂಬುತ್ತಿದ್ದರೆ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಲಫಾರ್ಜಳ ಮೊಕದ್ದಮೆಯನ್ನೂ ಜಮಖಂಡಿಯ ಗ್ರಹಣವನ್ನೂ ಹೇಳಿರಿ. ನಡುವಿನ ಕಲಮಿನಲ್ಲಿ ಕಂಡದ್ದನ್ನಷ್ಟೇ ಬರೆಯಬೇಕೆಂಬ ಮಾತು ಆಗ ಅವರಿಗೆ ತಾನಾಗಿ ತಿಳಿಯುತ್ತದೆ.