ಶರತ್ಕಾಲದ ಓದು

ಶರದೃತುವೆಂದರೆ ನಮ್ಮ ಪ್ರಾಚೀನ ಕವಿಗಳಿಗೆ ಒಂದು ಸಿದ್ಧ ಚಿತ್ರ. ತಿಳಿಯಾದ ಕೊಳ, ಮರಳಿ ಬಂದ ಹಂಸಗಳು, ನೀರಿಳಿದು ಹಗುರಾದ ಬೆಳ್ಮುಗಿಲು, ಅದರ ನಡುವಿನ ಬೆಳ್ದಿಂಗಳು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೂ ಸ್ಥಾನವುಂಟಷ್ಟೆ. ಎಂ.ಎ. ತರಗತಿಗಳಲ್ಲಿ ನಾನೂ ಇದನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ಆದರೆ ಹೇಳುವಾಗಲೆಲ್ಲ ನನ್ನ ಕಣ್ಣಮುಂದೆ ಸುಳಿಯುತ್ತಿದ್ದುದು ಹಂಸವಲ್ಲ, ಅಮ್ಮಸಂದ್ರದ ಹೊಲಗಳ ಬೆಳ್ಳಕ್ಕಿ. ಕಾವ್ಯದ ಕೊಳವಲ್ಲ, ತೆನೆ ಕಟ್ಟುತ್ತಿರುವ ರಾಗಿಯ ನಡುವೆ ಹಳದಿ ಹೂ ಬಿಟ್ಟ ಹುಚ್ಚೆಳ್ಳಿನ ಸಾಲು. ಆಶ್ವಯುಜ ಕಾರ್ತಿಕಗಳ ಈ ಎರಡು ತಿಂಗಳಲ್ಲಿ ನಮ್ಮ ಸೀಮೆಯ ಸಾಮಾನ್ಯ ಸಂಸಾರಗಳು ಏನು ಮಾಡುತ್ತಿದ್ದವು, ಏನನ್ನು ಓದುತ್ತಿದ್ದವು, ಯಾವ ಸಣ್ಣ ಸುಖಗಳಿಂದ ತೃಪ್ತಿಪಡುತ್ತಿದ್ದವು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಸ್ತು.

ಅಮ್ಮಸಂದ್ರವು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಊರು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ರೈಲುದಾರಿ 1884ರಲ್ಲಿ ಗುಬ್ಬಿಯನ್ನು ಮುಟ್ಟಿತು. 1889ರಲ್ಲಿ ನಮ್ಮ ಊರನ್ನು ಹಾದು ಹರಿಹರದವರೆಗೆ ಸಾಗಿತು. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲೇ. ನಮ್ಮ ನೆರೆಯ ಸಂಪಿಗೆಯಲ್ಲಿ ಬಿ.ಎಂ.ಶ್ರೀಕಂಠಯ್ಯನವರು ಜನಿಸಿದ್ದೂ ಅದೇ ವರ್ಷ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ 1906ರಲ್ಲಿ ತೀ.ನಂ.ಶ್ರೀಕಂಠಯ್ಯನವರನ್ನು ಕನ್ನಡಕ್ಕೆ ಕೊಟ್ಟಿತು. ಹೊಸಗನ್ನಡ ಕವಿತೆಗೆ ದಾರಿ ತೋರಿದವರೊಬ್ಬರು, ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡದಲ್ಲಿ ತಿಳಿಯಾಗಿ ನಿರೂಪಿಸಿದವರೊಬ್ಬರು, ಇಬ್ಬರೂ ಈ ತೆಂಗಿನ ಸೀಮೆಯ ಮಣ್ಣಿನಲ್ಲಿ ಹುಟ್ಟಿದವರು. ನಮಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ವಿದ್ವಾಂಸರ ಹೆಸರುಗಳು ಚರಿತ್ರೆಯಲ್ಲಿ ಉಳಿಯುತ್ತವೆ. ಅವರು ಹುಟ್ಟಿದ ಹಳ್ಳಿಗಳಲ್ಲಿ ಸಂಜೆಯ ದೀಪದ ಸುತ್ತ ಕುಳಿತು ಕಥೆ ಕೇಳಿದವರ ಹೆಸರುಗಳು ಉಳಿಯುವುದಿಲ್ಲ.

ಚರಿತ್ರೆಗೆ ಶರತ್ಕಾಲ ಗೊತ್ತಿಲ್ಲವೆಂದಲ್ಲ. ವಿಜಯನಗರದ ಮಹಾನವಮಿಯನ್ನು 1443ರಲ್ಲಿ ಕಂಡ ಅಬ್ದುರ್ ರಜಾಕನೂ, ಹದಿನಾರನೆಯ ಶತಮಾನದಲ್ಲಿ ಕಂಡ ಡೊಮಿಂಗೊ ಪಾಯೆಸನೂ ಬೆರಗಾಗಿ ಬರೆದಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಉತ್ಸವವನ್ನು ಮುಂದುವರಿಸಿದರು. ಆನೆ, ಕುದುರೆ, ಸಿಂಹಾಸನ, ಒಡವೆ, ಕುಸ್ತಿ, ಇವೆಲ್ಲ ಬರಹಕ್ಕೆ ಬಂದವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯ ಸಂಚಾರ ಕೈಗೊಂಡ ಫ್ರಾನ್ಸಿಸ್ ಬುಕಾನನ್ ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಕಡೆಗೂ ಬಂದ. ತೆಂಗು ಅಡಕೆಗಳ ತೋಟ, ಸಂತೆ, ನೆಯ್ಗೆ, ಕಬ್ಬಿಣದ ಕುಲುಮೆ, ಎಲ್ಲವನ್ನೂ ಕೇಳಿ ಬರೆದುಕೊಂಡ. ನಮ್ಮ ನಾಡಿನ ಆರ್ಥಿಕ ಚರಿತ್ರೆಗೆ ಅವನ ಬರಹ ಅಮೂಲ್ಯ. ಆದರೆ ಅವನು ಬಂದದ್ದು ಉತ್ಪನ್ನವನ್ನು ಎಣಿಸಲು. ಸಂಜೆ ಆ ತೋಟದ ಮನೆಗಳಲ್ಲಿ ಜನ ಏನು ಕೇಳಿ ನಕ್ಕರು, ಏನು ಕೇಳಿ ಕಣ್ಣೊರೆಸಿಕೊಂಡರು ಎಂಬುದು ಅವನ ಕೆಲಸಕ್ಕೆ ಸಂಬಂಧಿಸಿದ್ದಾಗಿರಲಿಲ್ಲ.

ಹಾಗೆ ಬಿಟ್ಟುಹೋದ ಸಂಗತಿಗಳಲ್ಲಿ ಒಂದು, ಕೂಲಿಮಠದ ಚೌಪದ. ಸರಕಾರಿ ಶಾಲೆಗಳು ಹಳ್ಳಿಗೆ ಬರುವ ಮುನ್ನ ಅಯ್ಯಗಳು ಜಗಲಿಯ ಮೇಲೋ ಗುಡಿಯ ಮಂಟಪದಲ್ಲೋ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿಂದ ತಿದ್ದುವುದು, ಆಮೇಲೆ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಯ್ಯಗಳಿಗೆ ತಿಂಗಳ ಸಂಬಳವೆಂಬುದಿರಲಿಲ್ಲ; ಹಿಡಿ ರಾಗಿ, ತೆಂಗಿನಕಾಯಿ, ಎಲೆ ಅಡಕೆ. ಅವರ ಕೈಗೆ ನಾಲ್ಕು ಕಾಸು ಸೇರುತ್ತಿದ್ದುದು ನವರಾತ್ರಿಯಲ್ಲಿ. ಬಣ್ಣದ ಕೋಲು ಹಿಡಿದ ಹುಡುಗರ ಸಾಲನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿಸುವುದು. ಮನೆಯವರು ಅಯ್ಯಗಳಿಗೆ ಕಾಣಿಕೆಯನ್ನೂ ಮಕ್ಕಳಿಗೆ ಕಡಲೆಪುರಿ, ಕೊಬ್ಬರಿ, ಬೆಲ್ಲಗಳನ್ನೂ ಕೊಡುವುದು. ಇದು ಹಬ್ಬವೂ ಹೌದು, ಪರೀಕ್ಷೆಯೂ ಹೌದು, ಮೇಷ್ಟರ ವರ್ಷದ ಸಂಬಳವೂ ಹೌದು. ಊರಿನ ವಿದ್ಯೆ ಊರಿನ ಬೀದಿಯಲ್ಲಿ ನಿಂತು ತನ್ನನ್ನು ಕೇಳಿಸಿಕೊಳ್ಳುತ್ತಿದ್ದ ದಿನಗಳವು. ಮಗನ ಬಾಯಿಂದ ಪದ ಕೇಳಿದ ತಾಯಿ, ತಾನು ಮಠಕ್ಕೆ ಹೋಗದಿದ್ದರೂ, ಒಂಬತ್ತು ದಿನ ಮುಗಿಯುವುದರೊಳಗೆ ಆ ಪದಗಳನ್ನು ಕಲಿತಿರುತ್ತಿದ್ದಳು.

ಶರತ್ಕಾಲದ ಇನ್ನೊಂದು ಓದು ಭಾರತವಾಚನ. ನಮ್ಮ ಕಡೆ ರಾಗಿಯ ಭವಿಷ್ಯ ನಿರ್ಧಾರವಾಗುವುದು ಮುಂಗಾರಿನಲ್ಲಲ್ಲ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳಲ್ಲಿ. ತೆನೆ ಹಾಲು ತುಂಬುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ವರ್ಷದ ಹಿಟ್ಟು ಹೋಯಿತೆಂದೇ ಅರ್ಥ. ಆಗ ಊರಿನವರು ಕೂಡಿ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ಓದಿಸುತ್ತಿದ್ದರು. ವಿರಾಟಪರ್ವ ಓದಿಸಿದರೆ ಮಳೆಯಾಗುತ್ತದೆ ಎಂಬುದು ಹಳೆಯ ಮೈಸೂರು ಸೀಮೆಯ ಬಲವಾದ ನಂಬಿಕೆ. ಒಬ್ಬರು ಗಮಕದಲ್ಲಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ದೇಶದ ಬಹುಭಾಗದಲ್ಲಿ ಮಳೆ ಸೋತ 1965ರಲ್ಲಿ ನಾನು ಇನ್ನೂ ಐದು ವರ್ಷದ ಹುಡುಗ. ನಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡಪ್ಪ ಓದುತ್ತಿದ್ದುದು, ನಾನು ಅಜ್ಜಿಯ ಮಡಿಲಲ್ಲಿ ನಿದ್ದೆಹೋಗುತ್ತಿದ್ದುದು ಮಸಕುಮಸಕಾಗಿ ನೆನಪಿದೆ. ಕಾವ್ಯವನ್ನು ವಿರಾಮಕಾಲದ ವಿನೋದವೆಂದು ನಾವು ಪಂಡಿತರು ವ್ಯಾಖ್ಯಾನಿಸುವುದುಂಟು. ಆ ಪಡಸಾಲೆಯಲ್ಲಿ ಕೂತವರಿಗೆ ಅದು ವಿನೋದವಾಗಿರಲಿಲ್ಲ. ಪದ್ಯದ ನಡುವೆ ಅವರ ಕಣ್ಣು ಆಕಾಶದ ಕಡೆಗೆ ಹೋಗುತ್ತಿತ್ತು.

ಕೇಳುವವರ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೆಂಗಸರು ತೆಂಗಿನ ಗರಿಯಿಂದ ಪೊರಕೆಕಡ್ಡಿ ಬಿಡಿಸುತ್ತಿದ್ದರು. ಗಂಡಸರು ಕರಟ ಒಡೆದು ಕೊಬ್ಬರಿ ಬೇರ್ಪಡಿಸುತ್ತಿದ್ದರು. ತಿಪಟೂರಿನ ಪೇಟೆಗೆ ಹೆಸರು ತಂದ ಉಂಡೆಕೊಬ್ಬರಿ ಅವಸರದ ಸರಕಲ್ಲ. ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲಿಯೇ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಸದ್ದು ಮಾಡಬೇಕು. ಅಜ್ಜಿ ಕಿವಿಯ ಬಳಿ ಕಾಯಿ ಅಲ್ಲಾಡಿಸಿ, “ಇದು ಆಯ್ತು, ಇದು ಇನ್ನೂ ಹಸಿ” ಎಂದು ಬೇರೆಮಾಡುತ್ತಿದ್ದರು. ಅದೇ ಕಿವಿ ಭಾರತಕ್ಕೂ ತೆರೆದಿರುತ್ತಿತ್ತು. ಮಬ್ಬು ದೀಪದಲ್ಲಿ ದೊಡ್ಡಪ್ಪ ಒಂದು ಮಾತು ತಪ್ಪಿದರೆ, ಮೂಲೆಯಿಂದ ಸರಿಯಾದ ಮಾತು ಬರುತ್ತಿತ್ತು. ಹೇಳಿದವರು ತಲೆಯೆತ್ತುತ್ತಿರಲಿಲ್ಲ, ಕಡ್ಡಿ ಬಿಡಿಸುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ.

ನವರಾತ್ರಿಯ ಮೂಲಾ ನಕ್ಷತ್ರದಂದು ಸರಸ್ವತಿಯ ಆವಾಹನೆಯಾದರೆ ಶ್ರವಣದಲ್ಲಿ ವಿಸರ್ಜನೆಯಾಗುವವರೆಗೆ ಪುಸ್ತಕ ಮುಟ್ಟುವಂತಿಲ್ಲ. ಶಾಲೆಯ ಪುಸ್ತಕ, ‘ಚಂದಮಾಮ’ದ ಹಳೆಯ ಸಂಚಿಕೆಗಳು, ಬೈಂಡು ಬಿಟ್ಟ ಜೈಮಿನಿ ಭಾರತ, ಎಲ್ಲವೂ ಮಣೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿರುತ್ತಿದ್ದವು. ವರ್ಷವೆಲ್ಲ ಓದೆಂದರೆ ಓಡುತ್ತಿದ್ದ ನಮಗೆ ಆ ಮೂರು ದಿನ ಓದುವ ಹಸಿವು ಎಲ್ಲಿಂದ ಬರುತ್ತಿತ್ತೋ ತಿಳಿಯದು. ನಾನು ಮಣೆಯ ಮುಂದೆ ಚಡಪಡಿಸುತ್ತಿದ್ದುದನ್ನು ಕಂಡು ಅಜ್ಜಿ ಹೇಳಿದರು: “ಪುಸ್ತಕಕ್ಕೆ ರಜ ಕಣೋ, ಬಾಯಿಗೇನು ರಜವೆ? ಬಾ ಇಲ್ಲಿ.” ಪಾಂಡವರು ಬನ್ನಿಮರದ ಮೇಲೆ ಆಯುಧ ಬಚ್ಚಿಟ್ಟದ್ದರಿಂದ ಹಿಡಿದು ಉತ್ತರಕುಮಾರನ ಪೌರುಷದವರೆಗೆ ಕಥೆ ಮೂರು ರಾತ್ರಿ ನಡೆಯುತ್ತಿತ್ತು. ಅಲ್ಲಿ ಮರದ ಮೇಲೆ ಆಯುಧ, ಇಲ್ಲಿ ಮಣೆಯ ಮೇಲೆ ಪುಸ್ತಕ. ಎರಡೂ ಕೆಳಗಿಳಿಯುವುದು ವಿಜಯದಶಮಿಯ ಹೊತ್ತಿಗೆ ಎಂಬ ಹೊಂದಾಣಿಕೆ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಅಷ್ಟು ಹೊತ್ತಿಗೆ ಊರು ಬದಲಾಗುತ್ತಿತ್ತು. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಸಂಸ್ಥೆ ಅಮ್ಮಸಂದ್ರದಲ್ಲಿ ಕಾರ್ಖಾನೆ ತೆರೆಯಿತು, ಕಾಲೋನಿ ಎದ್ದಿತು, ಬೇರೆ ಬೇರೆ ಕಡೆಯ, ಬೇರೆ ಬೇರೆ ಭಾಷೆಯ ಜನ ಬಂದರು. 2006ರಲ್ಲಿ ಆ ಸಂಸ್ಥೆ ಹೈಡೆಲ್‌ಬರ್ಗ್ ಸಮೂಹದ ಕೈಸೇರಿತು. ಆಯುಧಪೂಜೆಯಂದು ನೇಗಿಲು, ಕುಡುಗೋಲುಗಳ ಜೊತೆಗೆ ಯಂತ್ರಗಳಿಗೂ ಲಾರಿಗಳಿಗೂ ಬಾಳೆಕಂದು, ಬೂದುಗುಂಬಳಕಾಯಿ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಆರಂಭವಾದವು. ರೈಲಿನಲ್ಲಿ ಬಂದ ಒಂದು ಪ್ರತಿ ಹತ್ತು ಮನೆ ಸುತ್ತುತ್ತಿತ್ತು. 1965ರ ಕಾಯಿದೆಯಿಂದ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ವ್ಯವಸ್ಥೆ ಬಂದಿತು. ಅಮ್ಮ ಧಾರಾವಾಹಿಯನ್ನು ಗಟ್ಟಿಯಾಗಿ ಓದುವುದು, ಅಜ್ಜಿ ಕೇಳುವುದು. ಅಚ್ಚು ಬಂದರೂ ಓದಿಗೆ ದನಿ ಹೋಗಿರಲಿಲ್ಲ.

ಇನ್ನು ನನ್ನದೇ ಒಂದು ತಪ್ಪಿನ ಮಾತು. 1971ರ ಮಾರ್ಚಿಯಲ್ಲಿ ಜನಗಣತಿಗೆಂದು ಮೇಷ್ಟರೊಬ್ಬರು ನಮ್ಮ ಮನೆಗೆ ಬಂದರು. ದೊಡ್ಡವರು ತೋಟದಲ್ಲಿದ್ದರು, ಜಗಲಿಯಲ್ಲಿ ಅಜ್ಜಿ ಮತ್ತು ನಾನು. ಹೆಸರು, ವಯಸ್ಸು ಕೇಳಿ ಆದಮೇಲೆ “ಓದುಬರಹ ಬರುತ್ತದೆಯೆ?” ಎಂದರು. ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು, ಐದನೆಯ ತರಗತಿಯ ಗರ್ವದಿಂದ, “ಅಜ್ಜಿಗೆ ಒಂದಕ್ಷರವೂ ಬರೋದಿಲ್ಲ ಸಾರ್” ಎಂದುಬಿಟ್ಟೆ. ಮೇಷ್ಟರು ಬರೆದುಕೊಂಡರು. ಅವರದೇನೂ ತಪ್ಪಿಲ್ಲ. ನಮ್ಮ ಜನಗಣತಿಯ ನಿಯಮದಂತೆ ಯಾವುದಾದರೂ ಒಂದು ಭಾಷೆಯನ್ನು ತಿಳಿದು ಓದಲೂ ಬರೆಯಲೂ ಬಲ್ಲವರು ಮಾತ್ರ ಅಕ್ಷರಸ್ಥರು. ಓದಬಲ್ಲವರಾಗಿ ಬರೆಯಲಾರದವರಿಗೂ ಅಲ್ಲಿ ಸ್ಥಳವಿಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಆ ವರ್ಷದ ಕಾರ್ತಿಕದಲ್ಲಿ ನಾವು ವನಭೋಜನಕ್ಕೆ ಹೊರಟೆವು. ಕಾರ್ತಿಕದಲ್ಲಿ ನೆಲ್ಲಿಯ ಮರದ ನೆರಳಲ್ಲಿ ಊಟಮಾಡುವುದು ಹಳೆಯ ಪದ್ಧತಿ. ನಮ್ಮಂಥ ಸಂಸಾರಗಳಿಗೆ ವರ್ಷಕ್ಕೊಮ್ಮೆ ಮನೆ ಬಿಟ್ಟು ಹೊರಡಲು ಧರ್ಮವೇ ಕೊಟ್ಟ ಒಂದು ನೆಪ. ಪ್ಯಾಸೆಂಜರ್ ರೈಲಿನಲ್ಲಿ ಬಾಣಸಂದ್ರ ದಾಟಿದರೆ ಅರಳಗುಪ್ಪೆ. ಬುಟ್ಟಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಪುಳಿಯೋಗರೆ, ಮೊಸರನ್ನ. ಕಿಟಕಿಯ ಪಕ್ಕದ ಜಾಗಕ್ಕೆ ಮಕ್ಕಳ ಜಗಳ, ಕಣ್ಣಿಗೆ ಬೀಳುವ ಇದ್ದಿಲ ಕಿಡಿ. ಇಂದಿನ ಪ್ರವಾಸಗಳಲ್ಲಿ ಆ ಸುಖ ನನಗೆ ಸಿಕ್ಕಿಲ್ಲ. 1990ರ ದಶಕದಲ್ಲಿ ದಾರಿ ಬ್ರಾಡ್ ಗೇಜ್ ಆಯಿತು; ವೇಗ ಹೆಚ್ಚಿತು.

ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಹೊಯ್ಸಳರಿಗಿಂತಲೂ ಹಿಂದಿನದು. ಅದರ ಮಾಡಿನಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ತಲೆಯೆತ್ತಿ ನೋಡಿ ಕತ್ತು ನೋಯಿಸಿಕೊಂಡೆವು. ಬಳಿಕ ಹದಿಮೂರನೆಯ ಶತಮಾನದ ಚೆನ್ನಕೇಶವ ಗುಡಿ. ಹೊಯ್ಸಳ ಭಿತ್ತಿಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಸಾಲಿನ ಮೇಲೆ ಪುರಾಣಕಥೆಗಳ ಒಂದು ಸಾಲಿರುತ್ತದೆಯಷ್ಟೆ. ನಾನು ಪುಸ್ತಕ ಓದುವಂತೆ ಎಡದಿಂದ ಬಲಕ್ಕೆ ನೋಡುತ್ತ ಹೋದೆ. ಒಂದೂ ಅರ್ಥವಾಗಲಿಲ್ಲ. ಅಜ್ಜಿ ಹಿಂದಿನಿಂದ ಬಂದು ಭುಜ ಹಿಡಿದು ತಿರುಗಿಸಿದರು: “ಪ್ರದಕ್ಷಿಣೆ ಹಾಕ್ಕೊಂಡು ಬಾ, ಕಥೆ ತಾನಾಗೇ ಬರುತ್ತೆ.” ಪ್ರದಕ್ಷಿಣೆ ಬರುವವನಿಗೆ ಗೋಡೆ ಬಲಕ್ಕಿರುತ್ತದೆ, ಅದರತ್ತ ಮುಖಮಾಡಿ ನಿಂತರೆ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಸಾಮಾನ್ಯವಾಗಿ ಇದೇ ಕಥಾಪಟ್ಟಿಕೆಗಳ ಕ್ರಮವೆಂದು ಶಿಲ್ಪಶಾಸ್ತ್ರದ ಗ್ರಂಥಗಳಿಂದ ನಾನು ತಿಳಿದದ್ದು ಬಹಳ ತಡವಾಗಿ. ಅಜ್ಜಿಗೆ ಅದು ಕಾಲಿನಿಂದಲೇ ಗೊತ್ತಿತ್ತು. ಅಂಗೈ ಅಗಲದ ಕಲ್ಲಿನ ಮೇಲಿನ ಕಪಿಗಳನ್ನೂ ಬಿಲ್ಲುಗಾರರನ್ನೂ ಬೆರಳಿನಿಂದ ತೋರಿಸುತ್ತ, ಅಲ್ಲಲ್ಲಿ ನಿಂತು ಕಥೆ ಹೇಳುತ್ತ, ಅವರು ಗುಡಿಯನ್ನು ಒಂದು ಸುತ್ತು ಓದಿ ಮುಗಿಸಿದರು. ಓದಿ ಎಂಬ ಮಾತನ್ನು ತಿಳಿದೇ ಹೇಳುತ್ತಿದ್ದೇನೆ. ಕೊನೆಗೆ ನನ್ನನ್ನು ನೋಡಿ ನಕ್ಕು, “ನನಗೆ ಒಂದಕ್ಷರಾನೂ ಬರೋದಿಲ್ಲ, ಅಲ್ವೇನೋ?” ಎಂದರು. ಎಂಟು ತಿಂಗಳಾಗಿತ್ತು, ಅವರು ಮರೆತಿರಲಿಲ್ಲ. ನಾನು ತಲೆ ತಗ್ಗಿಸಿದೆ. ಅವರು ಬುಟ್ಟಿ ಬಿಚ್ಚಿ ಮೊದಲ ರೊಟ್ಟಿಯನ್ನು ನನ್ನ ಕೈಗೇ ಇತ್ತರು.

ಅಕ್ಷರ ಬೇಡವೆಂದು ನಾನು ಹೇಳುತ್ತಿಲ್ಲ. ಅಕ್ಷರ ಬಾರದ ಅಜ್ಜಿಗೆ ಪತ್ರ ಬಂದರೆ ಇನ್ನೊಬ್ಬರನ್ನು ಕಾಯಬೇಕಾಗುತ್ತಿತ್ತು. ಪತ್ರದಲ್ಲಿ ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದು ಓದುವವರ ಕೈಯಲ್ಲಿತ್ತು. ತೋಟದ ಪತ್ರಕ್ಕೆ ಅವರು ಹೆಬ್ಬೆಟ್ಟು ಒತ್ತಿದ್ದನ್ನು ಕಂಡಿದ್ದೇನೆ. ಆ ಪರಾಧೀನತೆಯನ್ನು ಯಾವ ಭಾರತವಾಚನವೂ ನೀಗಿಸಲಾರದು. ಆದರೆ ಕನ್ನಡ ಓದಿನ ಚರಿತ್ರೆ ಬರೆಯುವಾಗ ನಾವು ಮುದ್ರಣಾಲಯಗಳನ್ನೂ ಪತ್ರಿಕೆಗಳನ್ನೂ ಎಣಿಸುತ್ತೇವೆ. ಕಾವ್ಯವನ್ನು ಶತಮಾನಗಳ ಕಾಲ ಕಿವಿಯಲ್ಲಿಟ್ಟು ಕಾಪಾಡಿದವರನ್ನು ಓದುಬಾರದವರ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತೇವೆ. ಜನಗಣತಿಯ ಲೆಕ್ಕಕ್ಕೆ ನಾನು ಕೊಟ್ಟ ಉತ್ತರ ಸರಿಯಾಗಿತ್ತು. ಚರಿತ್ರೆಗೆ ಅದು ಸಾಲದು.

ಈಗ ಅಮ್ಮಸಂದ್ರದ ಮನೆಗಳಲ್ಲಿ ಹೆಣ್ಣುಮಕ್ಕಳು ಕಾಲೇಜು ಓದಿದ್ದಾರೆ. ಅದು ಸಂತೋಷದ ಸಂಗತಿ. 1935ರಲ್ಲಿ ಪ್ರೊಫೆಸರ್ ಎಂ.ವಿ.ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದಾಗ ಅವರು ನೆಚ್ಚಿದ್ದೂ ಕೇಳುವ ಕಿವಿಯನ್ನೇ. ಅಂಥ ಕಿವಿಗಳು ಇಂದಿಗೂ ಇವೆಯೆಂಬ ಭರವಸೆಯಿಂದಲೇ ನಾನು ಇಷ್ಟು ಮಾತನಾಡಿದೆ. ಈ ಶರತ್ಕಾಲದಲ್ಲಿ ಪುಸ್ತಕಗಳು ಪೂಜೆಗೆ ಕುಳಿತ ದಿನ ನಿಮ್ಮ ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತು, ಅವರು ಚಿಕ್ಕಂದಿನಲ್ಲಿ ಕೇಳಿದ್ದೇನೆಂದು ವಿಚಾರಿಸಿ. ಹೇಳಿದ್ದನ್ನು ವಿಜಯದಶಮಿಯಂದು ಬರೆದಿಡಿ. ನಮ್ಮ ಅಜ್ಜಿಯಿಂದ ನಾನು ಕೇಳಿದ್ದು ಬಹಳ, ಬರೆದಿಟ್ಟದ್ದು ಸ್ವಲ್ಪ.