ಕಡ್ಡಾಯ ಪತ್ರಿಕೆಯ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಕಂಪ್ಯೂಟರಿನ ವಿಷಯ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನು ಆರಿಸಿಕೊಂಡದ್ದು ಬೇರೆ. ಬಿ.ಇ. ಆಗಲಿ, ಬಿ.ಎ., ಬಿ.ಕಾಂ. ಆಗಲಿ, ಯಾವ ಪದವಿ ಓದುವವರೂ ತಮ್ಮ ಮುಖ್ಯ ವಿಷಯದ ಜೊತೆಗೆ ಕೆಲವು ಪತ್ರಿಕೆಗಳನ್ನು ಓದಲೇಬೇಕು. ಭಾರತದ ಸಂವಿಧಾನ, ಪರಿಸರ ಅಧ್ಯಯನ, ಭಾಷೆ ಇಂಥವು. ಪಾಸಾದರೆ ಸಾಕು, ಮರೆತರೆ ಯಾರೂ ಕೇಳುವುದಿಲ್ಲ. ಈ ಪತ್ರಿಕೆಗಳು ಎಲ್ಲಿಂದ ಬಂದವು, ಯಾಕೆ ಬಂದವು ಎಂಬ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋಗಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2008ರಲ್ಲಿ ನಾನು ಬಿ.ಇ. ಎರಡನೆಯ ವರ್ಷದಲ್ಲಿದ್ದೆ. ಒಂದು ಶನಿವಾರ ಬೆಂಗಳೂರಿನಿಂದ ಸ್ವರ್ಣ ರೈಲಿನಲ್ಲಿ ಬಂದು ಮಾರಿಕುಪ್ಪಂನಲ್ಲಿ ಇಳಿದು ಮನೆ ಸೇರಿದ್ದೆ. ಪಕ್ಕದ ಲೈನಿನ ಮಾಮ ಒಬ್ಬರು ಬಂದರು. ಮೈಸೂರು ಮೈನ್ಸಿನಲ್ಲಿ ಭೂಮಿಯ ಕೆಳಗೆ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಕಾರ್ಮಿಕರ ಸಂಗತಿ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋದದ್ದು ನಮ್ಮೂರಿನವರಿಗೆಲ್ಲ ಗೊತ್ತು. ಮಾಮನ ಕೈಯಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಜೆರಾಕ್ಸ್ ಪ್ರತಿ ಇತ್ತು.

“ಏನಪ್ಪಾ ಇಂಜಿನಿಯರು, ಇದರಲ್ಲಿ ರಿಟ್ ರಿಟ್ ಅಂತ ಬರೆದಿದೆಯಂತೆ. ಹಾಗಂದರೆ ಏನು? ನಮಗೆ ಒಳ್ಳೆಯದಾ, ಕೆಟ್ಟದಾ?”

ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ ನಾನು ಸಂವಿಧಾನದ ಪತ್ರಿಕೆ ಪಾಸು ಮಾಡಿದ್ದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತಕ್ಕೆ ಮಸಿ ತುಂಬುವ ಪರೀಕ್ಷೆ. ರಿಟ್‌ಗಳು ಎಷ್ಟು ಎಂದರೆ ಐದು. ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಸರ್ಷಿಯೊರರಿ, ಕೋ ವಾರಂಟೊ. ಐದನ್ನೂ ಉಸಿರು ಬಿಡದೆ ಹೇಳಬಲ್ಲೆ. ಆದರೆ ರಿಟ್ ಎಂದರೆ ಏನೆಂದು ಒಬ್ಬ ಮನುಷ್ಯನಿಗೆ ಅರ್ಥವಾಗುವ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ಕೊನೆಗೆ ಇಬ್ಬರೂ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರ ಮನೆಗೆ ಹೋದೆವು. ಅವರು ಜಗಲಿಯ ಮೇಲೆ ಕೂರಿಸಿಕೊಂಡು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಹೇಳಿದರು: “ಸರ್ಕಾರವೋ ಅಧಿಕಾರಿಯೋ ಮಾಡಬೇಕಾದ ಕೆಲಸ ಮಾಡದಿದ್ದರೆ, ಮಾಡಬಾರದ್ದನ್ನು ಮಾಡಿದರೆ, ಕೋರ್ಟು ಅವರಿಗೆ ನೇರವಾಗಿ ಕೊಡುವ ಆಜ್ಞೆ ರಿಟ್. ಅದನ್ನು ಕೊಡಿ ಅಂತ ನಾವು ಹಾಕುವ ಅರ್ಜಿ ರಿಟ್ ಅರ್ಜಿ. 226ನೇ ವಿಧಿಯಲ್ಲಿ ಹೈಕೋರ್ಟಿಗೆ ಆ ಅಧಿಕಾರ ಇದೆ. ನೀವು ಕೇಳಿಕೊಂಡಿದ್ದೀರಿ, ಅವರು ಇನ್ನೂ ಹೇಳಬೇಕು.” ಮಾಮ ತಲೆಯಾಡಿಸಿದರು. ನಾನು ನೆಲ ನೋಡುತ್ತಿದ್ದೆ.

ಮೈಸೂರು ಮೈನ್ಸ್ ಎಂಬ ಹೆಸರು ಹೊಸ ತಲೆಮಾರಿಗೆ ಬರೀ ಒಂದು ಬಡಾವಣೆಯ ಹೆಸರಾಗಿರಬಹುದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದಿತು. ಮುಂದಿನ ವರ್ಷಗಳಲ್ಲಿ, ಎಲ್ಲರೂ ಕೈಚೆಲ್ಲುವ ಹೊತ್ತಿಗೆ, ಚಾಂಪಿಯನ್ ಅದಿರಿನ ಪದರ ಸಿಕ್ಕಿದ್ದು ಮೈಸೂರು ಗಣಿಯಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ತಂತ್ರಜ್ಞಾನದಲ್ಲಿ ನಮ್ಮೂರು ಇಡೀ ಸಂಸ್ಥಾನಕ್ಕಿಂತ ಮುಂದಿತ್ತು. ಆದರೆ ಗಣಿ ಕಲಿಸಿದ್ದು ಗಣಿಗೆ ಬೇಕಾದಷ್ಟನ್ನು ಮಾತ್ರ. ಬಂಡೆಯ ಸದ್ದಿನಿಂದಲೇ ಅಪಾಯ ಗುರುತಿಸುವವರು ನಮ್ಮ ಲೈನುಗಳಲ್ಲಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬೇಕಾಗಿದ್ದ ಆ ವಿದ್ಯೆ ಗಣಿ ಮುಚ್ಚಿದ ಮರುದಿನ ನೆಲದ ಮೇಲೆ ಯಾವ ಕೆಲಸಕ್ಕೂ ಬರಲಿಲ್ಲ.

ಒಂದು ಕಸುಬಿನ ಆಚೆಗೆ ಮನುಷ್ಯನಿಗೆ ಏನು ತಿಳಿದಿರಬೇಕು ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಹೊಸದಲ್ಲ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಮುಂದೆ ಈ ವಿಶ್ವವಿದ್ಯಾನಿಲಯ ಕಾಲೇಜಿನ ಗೋಡೆಯ ಹೊರಗೂ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನಡೆಸಿತು. ಅಧ್ಯಾಪಕರು ಊರೂರಿಗೆ ಹೋಗಿ ಮಾತನಾಡಿದರು, ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಚ್ಚಾದವು. ಪರೀಕ್ಷೆಯೂ ಇಲ್ಲ, ಅಂಕವೂ ಇಲ್ಲ. ನನಗೆ ಇದು ನಮ್ಮ ಇಂದಿನ ಎಷ್ಟೋ ಕಡ್ಡಾಯ ಪತ್ರಿಕೆಗಳಿಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟವರು ಸರ್ವೆಪಲ್ಲಿ ರಾಧಾಕೃಷ್ಣನ್. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದ ಕಥೆಯನ್ನು ಪ್ರತಿ ಶಿಕ್ಷಕರ ದಿನಾಚರಣೆಯಲ್ಲೂ ಕೇಳಿದ್ದೇವೆ. ನಮ್ಮ ಶಾಲೆಯಲ್ಲಿ ಯಾರೂ ಹೇಳದೆ ಬಿಟ್ಟದ್ದು ಅದರ ಮುಂದಿನ ಕಥೆ. 1948ರಲ್ಲಿ ಸ್ವತಂತ್ರ ಭಾರತದ ಸರ್ಕಾರ ಅದೇ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವನ್ನು ನೇಮಿಸಿತು. 1949ರ ಅದರ ವರದಿಯಲ್ಲಿ ‘ಸಾಮಾನ್ಯ ಶಿಕ್ಷಣ’ದ ಚರ್ಚೆ ಇದೆ. ವಿಜ್ಞಾನ ಓದುವವನಿಗೆ ಸಮಾಜ, ಸಾಹಿತ್ಯಗಳ ತಿಳಿವಳಿಕೆ ಬೇಕು, ಕಲಾ ವಿಭಾಗದವನಿಗೆ ವಿಜ್ಞಾನದ ತಿಳಿವಳಿಕೆ ಬೇಕು, ಅತಿಯಾದ ವಿಶೇಷಜ್ಞತೆಯನ್ನು ತಡವಿಲ್ಲದೆ ತಿದ್ದಬೇಕು ಎಂಬುದು ಅದರ ತಿರುಳು. ಇದಕ್ಕೆ ನಾಲ್ಕು ವರ್ಷ ಮೊದಲು, 1945ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಇದೇ ವಿಷಯದ ಮೇಲೆ ಹೆಸರಾಂತ ವರದಿಯೊಂದನ್ನು ತಂದಿತ್ತು. ಮಹಾಯುದ್ಧ ಮುಗಿದ ಆ ದಿನಗಳಲ್ಲಿ, ಬರೀ ಕಸುಬು ಬಲ್ಲ ಜಾಣರು ಏನೆಲ್ಲ ಮಾಡಬಲ್ಲರು ಎಂಬುದನ್ನು ಜಗತ್ತು ಕಣ್ಣಾರೆ ಕಂಡಿತ್ತು.

ಆ ಆಯೋಗದ ಸದಸ್ಯರಲ್ಲಿ ಜಾಕಿರ್ ಹುಸೇನ್, ಮೇಘನಾದ ಸಹಾ ಅವರ ಜೊತೆಗೆ ಆರ್ಥರ್ ಮಾರ್ಗನ್ ಎಂಬ ಅಮೆರಿಕನ್ನರಿದ್ದರು. ವೃತ್ತಿಯಿಂದ ಅವರು ಇಂಜಿನಿಯರು. ಟೆನೆಸಿ ನದಿ ಕಣಿವೆ ಪ್ರಾಧಿಕಾರದ ಮೊದಲ ಅಧ್ಯಕ್ಷರು, ಅಣೆಕಟ್ಟು ಕಟ್ಟಿಸಿದವರು. ಅದಕ್ಕೂ ಮೊದಲು ಆಂಟಿಯಾಕ್ ಎಂಬ ಕಾಲೇಜಿನ ಮುಖ್ಯಸ್ಥರಾಗಿ, ವಿದ್ಯಾರ್ಥಿಗಳು ಕೆಲವು ವಾರ ಓದು, ಕೆಲವು ವಾರ ಹೊರಗಿನ ಕೆಲಸ ಎಂದು ಸರದಿಯಲ್ಲಿ ಕಲಿಯುವ ಪದ್ಧತಿ ತಂದವರು. ಸಾಮಾನ್ಯ ಶಿಕ್ಷಣ ಎಂಬುದು ಕಲಾ ವಿಭಾಗದವರು ನಮ್ಮ ಮೇಲೆ ಹೇರಿದ ಹೊರೆ ಎಂದು ನನ್ನ ಸಹಪಾಠಿಗಳು ಗೊಣಗುತ್ತಿದ್ದರು. ನಾನೂ ಗೊಣಗಿದ್ದೇನೆ. ಅದನ್ನು ಶಿಫಾರಸು ಮಾಡಿದವರಲ್ಲಿ ಅಣೆಕಟ್ಟಿನ ಇಂಜಿನಿಯರ್ ಒಬ್ಬರಿದ್ದರೆಂದು ಆಗ ನಮಗೆ ತಿಳಿದಿರಲಿಲ್ಲ.

ಆಯೋಗ ಬಯಸಿದ್ದು ಒಂದು, ನಮ್ಮ ಕೈಗೆ ಬಂದದ್ದು ಇನ್ನೊಂದು. ಐ.ಐ.ಟಿ.ಗಳಲ್ಲಿ ಮಾನವಿಕ ವಿಭಾಗಗಳು ಬೆಳೆದವು. ನಮ್ಮಂಥವರು ಓದುವ ಕಾಲೇಜುಗಳಲ್ಲಿ ಅದು ಒಂದೆರಡು ಪತ್ರಿಕೆಗಳಿಗೆ ಇಳಿಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಅದರಡಿಗೆ ಬಂದವು. ನಾವು ಓದುವ ಹೊತ್ತಿಗೆ ‘ಭಾರತದ ಸಂವಿಧಾನ ಮತ್ತು ವೃತ್ತಿ ನೀತಿ’ ಎಂಬ ಪತ್ರಿಕೆ ಕಡ್ಡಾಯವಾಗಿತ್ತು. ಪರಿಸರ ಅಧ್ಯಯನ ಬಂದದ್ದು ನ್ಯಾಯಾಲಯದ ದಾರಿಯಲ್ಲಿ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರದ ಪಾಠ ಇರಬೇಕೆಂದಿತು. ಆಮೇಲೆ ಯು.ಜಿ.ಸಿ. ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯವನ್ನು ರೂಪಿಸಿತು.

ಆ ಪಠ್ಯದಲ್ಲಿ ಕ್ಷೇತ್ರ ಭೇಟಿ ಎಂಬ ಭಾಗವಿದೆ. ನಾನು ಓದಿದ ಕಾಲೇಜಿನಲ್ಲಿ ಆ ಭಾಗವನ್ನು ಹಳೆಯ ದಾಖಲೆ ಪುಸ್ತಕ ನೋಡಿ ನಕಲು ಮಾಡಿ ಒಪ್ಪಿಸಿದೆವು. ನಮ್ಮೂರಲ್ಲಿ ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ದಿಬ್ಬಗಳಿವೆ. ಗಾಳಿ ಬೀಸಿದರೆ ಅದರ ಧೂಳು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದರ ಬುಡದಲ್ಲೇ ಕ್ರಿಕೆಟ್ ಆಡಿ ಬೆಳೆದ ನಾನು, ಎಂದೂ ಕಾಣದ ಒಂದು ಕೆರೆಯ ಬಗ್ಗೆ ನಾಲ್ಕು ಪುಟ ನಕಲು ಮಾಡಿದೆ. ತಪ್ಪು ಪತ್ರಿಕೆಯದಲ್ಲ.

ಇನ್ನು ಭಾಷೆಯ ವಿಷಯ. ಇದನ್ನು ಕೆ.ಜಿ.ಎಫ್.ನಲ್ಲಿ ಕುಳಿತು ಬರೆಯುವುದು ಸುಲಭವಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ನಲ್ಲಿಯ ಸಾಲಿನಲ್ಲಿ ನಿಲ್ಲುವ ಊರು ನಮ್ಮದು. ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ ‘ಆಡಳಿತ ಕನ್ನಡ’, ಬಾರದವರಿಗೆ ‘ವ್ಯಾವಹಾರಿಕ ಕನ್ನಡ’ ಇತ್ತು. ಈಗ ಅವು ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’ ಆಗಿವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆಗೆ ಪದವಿ ಕಾಲೇಜುಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದಾಗ ವಿಷಯ ಹೈಕೋರ್ಟಿಗೆ ಹೋಯಿತು, ಸದ್ಯಕ್ಕೆ ಒತ್ತಾಯಿಸಬಾರದೆಂದು ಮಧ್ಯಂತರ ಆದೇಶವಾಯಿತು. 2024ರಲ್ಲಿ ರಾಜ್ಯವು ನಾಲ್ಕು ವರ್ಷದ ಪದವಿಯನ್ನೇ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಒಂದು ತಲೆಮಾರು ಓದಿ ಮುಗಿಸುವುದರೊಳಗೆ ಕಡ್ಡಾಯದ ಪಟ್ಟಿ ಎಷ್ಟು ಸಲ ಬದಲಾಗುತ್ತದೆ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ತಾಲ್ಲೂಕು ಕಚೇರಿಯ ಕಾಗದ ಯಾವ ಭಾಷೆಯಲ್ಲಿದೆಯೋ ಆ ಭಾಷೆಯನ್ನು ಕಲಿಸದೆ ಬಿಡುವುದು ತಮಿಳು ಮನೆಯ ಮಗುವಿಗೆ ಮಾಡುವ ಉಪಕಾರವಲ್ಲ. ಆದರೆ ವಾರಕ್ಕೆ ಒಂದು ಗಂಟೆಯ, ಒಂದೇ ಕ್ರೆಡಿಟಿನ ಪಾಠದಿಂದ ಭಾಷೆ ಬಂದೀತೆಂದು ನಂಬುವುದೂ ಸರಿಯಲ್ಲ.

ನನ್ನ ಕೆಲಸದ ಒಂದು ಸಂಗತಿ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರ್ಜಿ ತುಂಬುವ ಒಂದು ಪ್ರೋಗ್ರಾಂ ಬರೆದಿದ್ದೆ. ಹೆಸರಿನ ಜೊತೆಗೆ ಕುಲನಾಮ ತುಂಬದಿದ್ದರೆ ಅರ್ಜಿ ಮುಂದೆ ಹೋಗದ ಹಾಗೆ ಮಾಡಿದ್ದೆ. ಪರೀಕ್ಷಿಸಿದವರೆಲ್ಲ ಸರಿಯಿದೆ ಎಂದರು. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಹೆಸರು ಹಾಕಿ ನೋಡಿದೆ. ಮುಂದೆ ಹೋಗಲಿಲ್ಲ. ನಮ್ಮ ಲೈನಿನಲ್ಲಿ ಕುಲನಾಮ ಇರುವವರನ್ನು ಹುಡುಕಬೇಕು. ಇರುವುದು ಒಂದು ಇನಿಷಿಯಲ್, ಒಂದು ಹೆಸರು. ನಾನು ಹುಟ್ಟಿದ ಬೀದಿಯನ್ನೇ ಹೊರಗಿಡುವ ಸಾಲನ್ನು ನಾನೇ ಬರೆದಿದ್ದೆ. ತಾಂತ್ರಿಕವಾಗಿ ಅದರಲ್ಲಿ ಒಂದು ದೋಷವೂ ಇರಲಿಲ್ಲ. ಸೋಮವಾರ ಹೋಗಿ ಮೊದಲು ಮಾಡಿದ ಕೆಲಸ ಅದನ್ನು ತೆಗೆದದ್ದು.

ಆ ಪಕ್ಕದ ಲೈನಿನ ಮಾಮ ಈಗಿಲ್ಲ. ಅವರ ಮೊಮ್ಮಗ ಬಿ.ಇ. ಓದುತ್ತಿದ್ದಾನೆ. ಮನೆಮಾತು ತಮಿಳು, ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಕಾಲೇಜಿನಲ್ಲಿ ‘ಬಳಕೆ ಕನ್ನಡ’. ಕಳೆದ ಬೇಸಿಗೆಯಲ್ಲಿ ಅವನು ಅಜ್ಜಿಯ ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ಕೊಡಲು ಕನ್ನಡದಲ್ಲೇ ಒಂದು ಅರ್ಜಿ ಬರೆದು, ತಿದ್ದಿಕೊಡಣ್ಣಾ ಎಂದು ನನ್ನ ಬಳಿ ತಂದ. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ದಿನಾಂಕ ಹಾಕುವುದನ್ನು ಮರೆತಿದ್ದ. ಅಷ್ಟನ್ನೇ ಸರಿಮಾಡಿದೆ. ಅವನೇ ಹೋಗಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದ. ಆ ಪ್ರತಿಯನ್ನು ಅಜ್ಜಿ ತಾತನ ಹಳೆಯ ಜೆರಾಕ್ಸ್ ಕಾಗದಗಳಿದ್ದ ಟ್ರಂಕಿನಲ್ಲೇ ಇಟ್ಟುಕೊಂಡಿದ್ದಾರೆ.