ಕಿತ್ತಳೆ ಗಿಡಕ್ಕೊಂದು ಚಳಿಗಾಲದ ಮನೆ



ಕಾರ್ತಿಕ ಬಂತೆಂದರೆ ನಾವು ಕಂಬಳಿ ಹುಡುಕುತ್ತೇವೆ. ಕಿತ್ತಳೆ ಗಿಡಕ್ಕೆ ಕಂಬಳಿ ಹೊದಿಸಿದವರನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಆದರೆ ಈ ಗಿಡ ಪೂರ್ವದೇಶಗಳನ್ನು ಬಿಟ್ಟು ಇಂಗ್ಲೆಂಡಿನಂಥ ಚಳಿಯ ಸೀಮೆಗೆ ಹೋದಾಗ, ಅದಕ್ಕೊಂದು ಮನೆಯನ್ನೇ ಕಟ್ಟಬೇಕಾಯಿತು. ಹೆಸರೂ ಇಲ್ಲಿಂದಲೇ ಹೋದದ್ದು ನೋಡಿ: ಸಂಸ್ಕೃತದ ‘ನಾರಂಗ’ ಪಾರಸಿ, ಅರಬ್ಬಿಗಳನ್ನು ಸುತ್ತಿ ‘ಆರೆಂಜ್’ ಆಯಿತು.

ಲಂಡನ್ ಹತ್ತಿರದ ಡೆಟ್‌ಫರ್ಡ್‌ನಲ್ಲಿ ಜಾನ್ ಈವ್ಲಿನ್ ಎಂಬ ತೋಟದ ಹುಚ್ಚಿನ ಶ್ರೀಮಂತನಿದ್ದ. ಯಾವ ತಿಂಗಳಲ್ಲಿ ತೋಟದಲ್ಲಿ ಏನು ಮಾಡಬೇಕು ಎಂದು ತಿಳಿಸುವ, ಪಂಚಾಂಗದಂಥ ಒಂದು ಪುಸ್ತಕವನ್ನು 1664ರಲ್ಲಿ ಅಚ್ಚು ಹಾಕಿಸಿದ. ಚಳಿ ಬಲಿಯುವ ಮುಂಚೆಯೇ ನಾಜೂಕು ಗಿಡಗಳನ್ನು ಒಳಗೆ ತರಬೇಕು. ಎಲೆ ಮುದುರಿ ಬಾಯಾರಿಕೆ ತೋರಿಸುವ ತನಕ ನೀರು ಹಾಕಬಾರದು. ಗಿಡದ ಮನೆಯಲ್ಲಿ ಒಂದು ತಟ್ಟೆ ನೀರಿಟ್ಟಿರಬೇಕು; ಅದು ಹೆಪ್ಪುಗಟ್ಟಿದರೆ, ಹೊಗೆ ಆರಿದ ಇದ್ದಿಲ ಕೆಂಡವನ್ನು ನೆಲದ ಗುಂಡಿಯೊಳಗೆ ಇಡಬೇಕು. ತಟ್ಟೆ ನೀರಿನ ಉಪಾಯ ನನಗಂತೂ ಬಹಳ ಹಿಡಿಸಿತು. ಕಾಸಿನ ಖರ್ಚಿಲ್ಲ!

ಕೆಂಡದ್ದೇ ತೊಂದರೆ. ಚಳಿಗೆ ಹೆದರಿ ಕಿಟಕಿ ಬಾಗಿಲು ಭದ್ರ ಮಾಡುತ್ತಿದ್ದರು, ಒಳಗೆ ಕೆಂಡ. ಬೆಚ್ಚಗೇನೋ ಆಗುತ್ತಿತ್ತು, ಗಾಳಿ ಕೆಡುತ್ತಿತ್ತು. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತೇವಲ್ಲ, ಆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲ ಇರುತ್ತೆ. ಕಾಯನ್ನು ಹಣ್ಣು ಮಾಡುವ ಅದೇ ಅನಿಲ ಹಸಿರೆಲೆಯನ್ನೂ ಉದುರಿಸುತ್ತೆ. ಹೊಗೆ ಕಾಣದಿದ್ದರೂ ಕೆಂಡದಿಂದ ವಿಷಗಾಳಿ ಬರುವುದು ನಿಲ್ಲುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿ ನೀವೂ ಕೇಳಿರುತ್ತೀರಿ.

1683ರ ಕೊನೆಗೆ ಹಿಡಿದ ಚಳಿ ಅಂಥಿಂಥದಲ್ಲ. ಥೇಮ್ಸ್ ನದಿ ಕಲ್ಲಿನಂತೆ ಗಟ್ಟಿಯಾಗಿ, ಅದರ ಮೇಲೆ ಅಂಗಡಿ ಬೀದಿಗಳೇ ಎದ್ದವು. ಊರಿನವರಿಗೆ ಜಾತ್ರೆ, ತೋಟದವನಿಗೆ ಸಂಕಟ. 1684ರ ಫೆಬ್ರವರಿಯಲ್ಲಿ ಈವ್ಲಿನ್ ತನ್ನ ತೋಟಕ್ಕೆ ಹೋಗಿ ನೋಡಿದರೆ, ಅಪರೂಪದ ಎಷ್ಟೋ ಗಿಡಗಳು ನಾಶವಾಗಿದ್ದವು. ಕಿತ್ತಳೆ ಗಿಡಗಳು ಸೊರಗಿ ನಿಂತಿದ್ದವು. ಅದನ್ನು ದಿನಚರಿಯಲ್ಲಿ ಬರೆದಿಟ್ಟ. ವರ್ಷಗಟ್ಟಲೆ ಸಾಕಿದ ಗಿಡ ಹೋದರೆ ಹೇಗಾಗುತ್ತೆ ಅಂತ ನಿಮಗೆ ನಾನು ಹೇಳಬೇಕೆ?

ಮರುವರ್ಷ, 1685ರ ಆಗಸ್ಟಿನಲ್ಲಿ, ಚೆಲ್ಸಿಯ ಔಷಧಿ ತೋಟಕ್ಕೆ ಹೋದ. ಅಲ್ಲಿ ಚಳಿಜ್ವರಕ್ಕೆ ಮದ್ದಾದ ತೊಗಟೆಯ ಮರವನ್ನು ಕಂಡ. ನಾವು ಸಿಂಕೋನಾ ಅನ್ನುತ್ತೇವೆ. 1860ರ ನಂತರ ನೀಲಗಿರಿಯಲ್ಲಿ ನೆಟ್ಟದ್ದು ಇದನ್ನೇ. ಮರಕ್ಕಿಂತ ಅವನ ಕಣ್ಣು ಸೆಳೆದದ್ದು ಒಲೆ. ತೋಟದ ಮೇಲ್ವಿಚಾರಕ ಅದನ್ನು ಗಿಡದ ಮನೆಯ ಕೆಳಗೆ, ಇಟ್ಟಿಗೆ ಕಮಾನಿನಡಿ ಇಟ್ಟಿದ್ದ. ಕೆಳಗಿಂದ ಶಾಖ ಬರುತ್ತಿದ್ದರಿಂದ ಕಡುಚಳಿಯಲ್ಲೂ ಕಿಟಕಿ ಬಾಗಿಲು ತೆರೆದಿಡಬಹುದಾಗಿತ್ತು.

1691ರಲ್ಲಿ ಅವನ ಪುಸ್ತಕದ ಎಂಟನೆಯ ಮುದ್ರಣ ಬಂತು. ಅದರಲ್ಲಿ ಹೊಸದೊಂದು ಗಿಡದ ಮನೆಯ ಚಿತ್ರ ಹಾಕಿಸಿದ. ಒಲೆ ಗೋಡೆಯ ಆಚೆ. ಹೊರಗಿನ ಶುದ್ಧ ಗಾಳಿ ಕೊಳವೆಗಳಲ್ಲಿ ಒಲೆಯನ್ನು ಹಾದು, ಬೆಚ್ಚಗಾಗಿ ಒಳಕ್ಕೆ ಬರುತ್ತೆ. ಒಳಗಿನ ಹಳಸಿದ ಗಾಳಿಯನ್ನು ನೆಲದ ಕಾಲುವೆಯ ಮೂಲಕ ಅದೇ ಒಲೆ ಎಳೆದುಕೊಳ್ಳುತ್ತೆ. ಮೊದಲ ಮುದ್ರಣ ಬಂದು 27 ವರ್ಷವಾಗಿತ್ತು, ಅವನಿಗೆ ಎಪ್ಪತ್ತು ತುಂಬಿತ್ತು.